ಆ 25 ಯಾರ ನಂಬರ್?

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಹುಡುಗರು ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಅಂತ ಟೈಪ್ ಮಾಡಿದ್ರೆ ಹಸಿರು ದೀಪವೋ ಕೆಂಪು ದೀಪವೋ ಹೊತ್ತಿಸೋ ಪ್ರೋಗ್ರಾಮ್. (ಸೆನ್ಸರ್‌ಗೆ ದುಡ್ಡಿರಲಿಲ್ಲ, ಬಿಡಿ.) ಒಳಗಿದ್ದದ್ದು ಒಂದೇ ಇಫ್-ಎಲ್ಸ್: 25 ಪಿಪಿಬಿಗಿಂತ ಕಡಿಮೆ ಇದ್ರೆ ಹಸಿರು. ಪಿಪಿಬಿ ಅಂದ್ರೆ ನೂರು ಕೋಟಿಯಲ್ಲಿ ಒಂದು ಭಾಗ.

ಡೆಮೋ ದಿನ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಈ 25 ಯಾರದ್ದು ಕಣ್ರೋ? ನಿಮ್ದಾ, ನಂದಾ, ನಮ್ಮಜ್ಜಂದಾ?" ನಾವು ನಕ್ಕು ಸುಮ್ಮನಾದ್ವಿ. ಮಾರ್ಕ್ಸ್ ಬಂತು. ಪ್ರಶ್ನೆ ಮಾತ್ರ ಹೋಗಲಿಲ್ಲ.

ನೈಟ್ರಿಕ್ ಆಕ್ಸೈಡ್ ಅಂದ್ರೆ ನಗಿಸೋ ಅನಿಲ ಅಲ್ಲ, ಅದು ಬೇರೆ. ಇದನ್ನು ನಮ್ಮ ದೇಹವೇ ತಯಾರಿಸುತ್ತೆ. ಇದು ರಕ್ತನಾಳಗಳನ್ನು ಸಡಿಲಿಸುತ್ತೆ ಅಂತ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಉಬ್ಬಸದಲ್ಲಿ ಶ್ವಾಸನಾಳ ಊದಿಕೊಂಡಾಗ ಉಸಿರಿನಲ್ಲಿ ಇದರ ಪ್ರಮಾಣ ಹೆಚ್ಚಬಹುದು. ಅದಕ್ಕೇ ಈ ಟೆಸ್ಟ್.

ಆದರೆ ಆರೋಗ್ಯವಾಗಿರೋ ದೊಡ್ಡವರಲ್ಲೂ ಈ ನಂಬರ್ ಒಂದೇ ಥರ ಇರಲ್ಲ. ಸರಾಸರಿ ನೋಡಿದ್ರೆ ಗಂಡಸರಲ್ಲಿ ಹೆಂಗಸರಿಗಿಂತ ಜಾಸ್ತಿ. ವಯಸ್ಸಾದ ಹಾಗೆ ನಿಧಾನವಾಗಿ ಏರುತ್ತೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಎತ್ತರವೂ ಲೆಕ್ಕಕ್ಕೆ ಬರುತ್ತೆ. ಗಂಡು-ಹೆಣ್ಣಿನ ವ್ಯತ್ಯಾಸದಲ್ಲಿ ಒಂದು ಪಾಲು ಎತ್ತರದ್ದೇ ಇರಬಹುದು. ಅಲರ್ಜಿ ಇದ್ರೆ ಏರುತ್ತೆ. ಮೆಸ್ಸಿನ ಬೀಟ್‌ರೂಟ್ ಪಲ್ಯ ಜಾಸ್ತಿ ತಿಂದು ಬಂದ್ರೂ ಏರಬಹುದು. ಸಿಗರೇಟು ಸೇದೋರಲ್ಲಿ ಇಳಿಯುತ್ತೆ! ಅಂದ್ರೆ ನಮ್ಮ ಪ್ರೋಗ್ರಾಮಿನ ಪ್ರಕಾರ ಹಾಸ್ಟೆಲ್ ಹಿಂದೆ ದಿನಾ ಹೊಗೆ ಬಿಡೋ ಸೀನಿಯರ್ರೇ ಎಲ್ಲರಿಗಿಂತ ಗಟ್ಟಿಮುಟ್ಟು.

25 ನಾವು ಹುಟ್ಟಿಸಿದ್ದಲ್ಲ. ಅಮೆರಿಕನ್ ಥೊರಾಸಿಕ್ ಸೊಸೈಟಿಯ 2011ರ ಮಾರ್ಗಸೂಚಿಯದ್ದು. ಅದರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಬೇರೆ ಮಿತಿ ಇದೆ, 20. ದೊಡ್ಡವರಿಗೆಲ್ಲ ಒಂದೇ. ಅದು ತಪ್ಪು ಅಂತ ಹೇಳೋಕೆ ನಾವ್ಯಾರು? ಡಾಕ್ಟರ್ ಆ ನಂಬರನ್ನು ಒಂಟಿಯಾಗಿ ಓದಲ್ಲ, ಎದುರಿಗೆ ಕೂತಿರೋರ ಕೆಮ್ಮು ಕೇಳ್ತಾರೆ, ಹಳೇ ಕಥೆ ಕೇಳ್ತಾರೆ. ಪ್ರೋಗ್ರಾಮಿಗೆ ಎದುರಿಗೆ ಯಾರಿದ್ದಾರೆ ಅನ್ನೋದೇ ಗೊತ್ತಿಲ್ಲ. ಹಾಗಿರುವಾಗ ಡಾಕ್ಟರ್ ಕೈಲಿರೋ ಸಂಖ್ಯೆಯನ್ನು ಕಿತ್ತು ಕೋಡಿಗೆ ಹಾಕಿದ್ದು ನಮ್ಮ ತಪ್ಪು.

ನಮ್ಮ ತಂಡದವನೊಬ್ಬನ ಅಮ್ಮನಿಗೆ ಉಬ್ಬಸ ಇದೆ. ಐದಡಿಗೂ ಕಡಿಮೆ ಎತ್ತರ. ಅವರ 24 ಮತ್ತು ನಮ್ಮ ಕ್ಲಾಸಿನ ಆರಡಿ ಹುಡುಗನ 24 ನಮ್ಮ ದೀಪಕ್ಕೆ ಒಂದೇ. ಇಬ್ಬರಿಗೂ ಹಸಿರು. ಮಗನೇ ಬರೆದ ಕೋಡು ಅಮ್ಮನಿಗೆ "ನಿಮಗೇನೂ ಇಲ್ಲ" ಅಂತ ಹೇಳಿಬಿಡುತ್ತಿತ್ತು.

ಹೆಲ್ತ್ ಆ್ಯಪ್ ಮಾಡೋ ನಮ್ಮಂಥ ವಿದ್ಯಾರ್ಥಿಗಳು "ನಾರ್ಮಲ್" ಅಂತ ಬರೆಯೋ ಮುಂಚೆ ವಯಸ್ಸು, ಲಿಂಗ, ಎತ್ತರ, ಸಿಗರೇಟು ಇಷ್ಟಾದರೂ ಕೇಳಲೇಬೇಕು. ನಾವೀಗ ಹಸಿರು ದೀಪ ಕಿತ್ತುಹಾಕಿ ಆ ನಾಲ್ಕು ಪ್ರಶ್ನೆ ಸೇರಿಸಿದ್ದೀವಿ. ಉತ್ತರ ಸಿಕ್ಕ ಮೇಲೆ ಯಾವ ಸೂತ್ರಕ್ಕೆ ಹಾಕಬೇಕು ಅನ್ನೋದರ ಬಗ್ಗೆ ನಾಲ್ಕು ಜನರಲ್ಲಿ ಇನ್ನೂ ಜಗಳ ನಡೀತಿದೆ. ಆ ಹುಡುಗಿಯನ್ನೂ ತಂಡಕ್ಕೆ ಕರೆದಿದ್ದೀವಿ. "ನೋಡ್ತೀನಿ" ಅಂದಿದ್ದಾಳೆ.