ಮಾತು ಬಾರದ ಮಗುವಿಗೂ ಹೇಳುವುದಿದೆ

ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ದಿನಗಳಲ್ಲಿ, ನಮ್ಮಲ್ಲಿ ಸಪ್ಲಾಯರ್ ಆಗಿದ್ದ ಬಂಧುವೊಬ್ಬರು ತಮ್ಮ ಆರು ವರ್ಷದ ಮಗನನ್ನು ಶಾಲೆಗೆ ಸೇರಿಸಲು ಹೋಗಿ ಬಾಡಿದ ಮುಖದಿಂದ ಹಿಂದಿರುಗಿದರು. "ಮೊದಲು ಮಾತು ಬರಲಿ, ಅಕ್ಷರದ ವಿಚಾರ ಆಮೇಲೆ" ಎಂಬುದು ಅಲ್ಲಿ ದೊರೆತ ಉತ್ತರ. ಆ ಉತ್ತರವನ್ನು ಅಂದು ನಾವೂ ನ್ಯಾಯವೆಂದೇ ನಂಬಿದೆವು. ಅದು ತಪ್ಪೆಂದು ನಮಗೆ ಕಲಿಸಿದವರು ಆ ಹುಡುಗನ ತಾಯಿ.

ವಾಕ್‌ಚಿಕಿತ್ಸಕರೊಬ್ಬರ ಸಲಹೆಯಂತೆ ಆಕೆ ರಟ್ಟಿನ ತುಂಡುಗಳಿಗೆ ನೀರು, ಇಡ್ಲಿ, ಪಾಯಖಾನೆ, ನೋವು, ಬೇಡ ಎಂಬುದನ್ನು ತೋರುವ ಚಿತ್ರಗಳನ್ನು ಅಂಟಿಸಿ, ಕೆಳಗೆ ಕನ್ನಡದಲ್ಲಿ ಹೆಸರು ಬರೆದು, ಖೋಲಿಯ ಗೋಡೆಗೆ ತೂಗುಹಾಕಿದರು. ತಾವು 'ನೀರು' ಎಂದಾಗಲೆಲ್ಲ ತಾವೇ ಆ ಚಿತ್ರವನ್ನು ಮುಟ್ಟಿ ತೋರಿಸಿದರು. ಕೆಲವು ತಿಂಗಳ ಬಳಿಕ ಒಂದು ರಾತ್ರಿ ಎಡೆಬಿಡದೆ ಚೀರುತ್ತಿದ್ದ ಹುಡುಗ 'ನೋವು' ಎಂಬ ಚಿತ್ರವನ್ನು ಮುಟ್ಟಿ ತನ್ನ ಕಿವಿಯನ್ನು ತೋರಿದನು. ಕಿವಿಯೊಳಗೆ ಕೀವು ತುಂಬಿತ್ತು. ಅದುವರೆಗೆ ನೆರೆಹೊರೆಯವರು ಅವನ ಚೀರಾಟಕ್ಕೆ ಇಟ್ಟಿದ್ದ ಹೆಸರು ಹಟ, ಹುಚ್ಚು.

ಮಾತು ಬೇರೆ, ಹೇಳುವುದು ಬೇರೆ. ನಾಲಗೆ ಒಪ್ಪದಿದ್ದರೆ ಕೈಸನ್ನೆಯಿಂದಲೋ ಚಿತ್ರದಿಂದಲೋ ಹೇಳುವ ದಾರಿಯನ್ನು ಮಗುವಿಗೆ ಮೊದಲು ತೆರೆಯಬೇಕು. ಇದರಿಂದ ಬರಬಹುದಾದ ಮಾತೂ ನಿಂತುಹೋದೀತೆಂಬ ಭಯ ಅನೇಕ ತಂದೆತಾಯಿಗಳಿಗಿದೆ. ಈ ಭಯಕ್ಕೆ ಆಧಾರವಿಲ್ಲವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಎಷ್ಟೋ ಮಕ್ಕಳಲ್ಲಿ ಮಾತು ಹೆಚ್ಚಿರುವುದೂ ಉಂಟು.

ಅಕ್ಷರಕ್ಕೂ ಇದೇ ನ್ಯಾಯ. ಅರ್ಧಕ್ಕೆ ಶಾಲೆ ಬಿಟ್ಟು ಊರಿನಿಂದ ಬಂದ ನಮ್ಮ ಹೋಟೆಲ್ ಹುಡುಗರು ಮುಂಬಯಿಯ ಬಸ್ಸಿನ ಫಲಕವನ್ನು ವರ್ಣಮಾಲೆ ಮುಗಿಸಿ ಓದಿದವರಲ್ಲ. ತಮಗೆ ಬೇಕಾದ ಹೆಸರಿನ ಆಕಾರವನ್ನು ಗುರುತಿಟ್ಟುಕೊಂಡು ಅದರಿಂದ ಅಕ್ಷರ ಬಿಡಿಸಿಕೊಂಡವರು. ಈ ಮಗುವಿಗೂ ೪೯ ಅಕ್ಷರಗಳನ್ನು ಒಮ್ಮೆಲೇ ಹೇರಬೇಕಾಗಿಲ್ಲ. ಅವನ ಹೆಸರು, ಅವನ ಪ್ರೀತಿಯ ತಿಂಡಿ, ಇವುಗಳಿಂದ ಮೊದಲಾಗಲಿ. ಗುರುತಿಸುವುದೇ ಓದಲ್ಲವಾದುದರಿಂದ, ಮುಂದೆ ಒಂದೊಂದೇ ಅಕ್ಷರದ ಧ್ವನಿಯನ್ನೂ ಕ್ರಮವಾಗಿ ಕಲಿಸತಕ್ಕದ್ದು. 'ಇ' ಎಲ್ಲಿದೆ ಎಂದು ಕೇಳಿದಾಗ ಮಗು ಎರಡು ಚೀಟಿಗಳಲ್ಲಿ ಸರಿಯಾದುದನ್ನು ಮುಟ್ಟಿದರೆ ಅದೂ ಉತ್ತರವೇ. ಪೆನ್ಸಿಲ್ ಹಿಡಿಯಲಾರದ ಕೈ ಅಕ್ಷರದ ಬಿಲ್ಲೆಗಳನ್ನು ಜೋಡಿಸಿದರೆ ಅದೂ ಬರಹವೇ.

ಪರವೂರಿನಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ. "ಮನೆಯಲ್ಲಿ ಕನ್ನಡ ಬಿಡಿ, ಮಗುವಿಗೆ ಗೊಂದಲವಾಗುತ್ತದೆ" ಎಂದು ಉಪದೇಶಿಸುವವರು ಬಹಳ. ಎರಡು ಭಾಷೆಗಳಿಂದ ಇಂಥ ಮಕ್ಕಳಿಗೆ ಕೇಡಾಗುವುದೆಂಬುದು ಸಿದ್ಧವಾಗಿಲ್ಲ. ತಾಯಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಎಷ್ಟು ತಾನೇ ಮಾತಾಡಿಯಾಳು? ಮನೆ ಮೌನವಾದರೆ ಮಗು ಕಲಿಯುವುದೆಲ್ಲಿ?

ವಯಸ್ಸಿಗೆ ತಕ್ಕ ಮಾತು ಬಾರದ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಿಸಬೇಕು. ಮುಂಬಯಿಯ ಬಾಂದ್ರಾದಲ್ಲಿ ೧೯೮೩ರಲ್ಲಿ ಸ್ಥಾಪಿತವಾದ, ಅಲಿ ಯಾವರ್ ಜಂಗ್ ಅವರ ಹೆಸರಿನ ರಾಷ್ಟ್ರೀಯ ಸಂಸ್ಥೆಯೂ, ೧೯೬೦ರ ದಶಕದಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಈ ಕೆಲಸಕ್ಕಾಗಿಯೇ ಇವೆ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ; ಮಾತಿಗೆ ಪೂರಕವಾದ ಬೇರೆ ವಿಧಾನಗಳನ್ನು ಶಿಕ್ಷಣದಲ್ಲಿ ಪ್ರೋತ್ಸಾಹಿಸಬೇಕೆಂದೂ ಹೇಳಿದೆ. ಆದುದರಿಂದ ಶಾಲೆಯ ಬಾಗಿಲಲ್ಲಿ ನಮ್ಮವರು ಕೈಮುಗಿದು ಬೇಡಬೇಕಾಗಿಲ್ಲ, ಹಕ್ಕಿನಿಂದ ಕೇಳಬಹುದು.

ಆದರೆ ಕಾನೂನು ಮಗುವನ್ನು ಎತ್ತಿಕೊಂಡು ಬಾಂದ್ರಾಕ್ಕೆ ಹೋಗುವುದಿಲ್ಲ. ತಂದೆಯೋ ತಾಯಿಯೋ ಹೋಗಬೇಕು. ನಮ್ಮ ಸಪ್ಲಾಯರ್ ವಾರಕ್ಕೆ ಅರ್ಧ ದಿನದ ರಜೆ ಕೇಳಿದಾಗ, ಊಟದ ಹೊತ್ತಿನ ಗಿರಾಕಿಯನ್ನು ನೆನೆದು ನಾವು ಗೊಣಗಿದ್ದೆವು. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹೋಟೆಲ್ ಮಾಲಿಕರು ಆ ಅರ್ಧ ದಿನವನ್ನು ಸಂಬಳ ಕಡಿಯದೆ ಕೊಡಲಿ. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಕನ್ನಡ ಚಿತ್ರಫಲಕಗಳ ಮುದ್ರಣಕ್ಕೆ ಮೀಸಲಿಡಲಿ. ಇಂಥ ಮಕ್ಕಳಿರುವ ವಾಚಕ ಬಂಧುಗಳು ನಾಚಿಕೆಯಿಂದ ಮಗುವನ್ನು ಖೋಲಿಯೊಳಗೆ ಬಚ್ಚಿಡದಿರಲಿ. ನೋವನ್ನು ಹೇಳಲಾರದೆ ಇನ್ನೊಂದು ಮಗು ಇರುಳೆಲ್ಲ ಅಳುವಂತಾಗಬಾರದೆಂಬುದೇ ನಮ್ಮ ಪ್ರಾರ್ಥನೆ.