ಕುಸ್ತಿ ಸುಳ್ಳಾದರೆ ಪೆಟ್ಟೂ ಸುಳ್ಳೇ?

2024ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಮಿಸ್ಟರ್ ಮೆಕ್‌ಮಹನ್' ಸಾಕ್ಷ್ಯಚಿತ್ರ ಸರಣಿ ನೋಡಿದ್ದೀರಾ? ಒಟ್ಟು ಆರು ಕಂತು, ನಿರ್ದೇಶಕ ಕ್ರಿಸ್ ಸ್ಮಿತ್. ನಾವೆಲ್ಲ ಚಿಕ್ಕವರಿದ್ದಾಗ ಕೇಬಲ್ ಟೀವಿಯಲ್ಲಿ ನೋಡ್ತಿದ್ದ ಡಬ್ಲ್ಯೂಡಬ್ಲ್ಯೂಎಫ್‌ನ ಯಜಮಾನ ವಿನ್ಸ್ ಮೆಕ್‌ಮಹನ್ ಕಥೆ ಇದು. ನ್ಯಾಮತಿಯಂಥ ಊರಲ್ಲೂ ಅಂಡರ್‌ಟೇಕರ್ ಕಾರ್ಡಿಗಾಗಿ ಹುಡುಗರು ಹೊಡೆದಾಡ್ತಿದ್ದ ಕಾಲ ನೆನಪಿರೋರಿಗೆ ಹೆಚ್ಚು ಹೇಳಬೇಕಿಲ್ಲ :-)

ಮೆಕ್‌ಮಹನ್ 1982ರಲ್ಲಿ ತಂದೆಯ ಕಂಪನಿಯನ್ನು ಕೊಂಡುಕೊಂಡ. ಅಲ್ಲಿವರೆಗೆ ಅಮೆರಿಕಾದಲ್ಲಿ ಒಬ್ಬೊಬ್ಬ ಪ್ರವರ್ತಕನಿಗೆ ಒಂದೊಂದು ಸೀಮೆ, ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡೋ ಹಾಗಿರಲಿಲ್ಲ. ಈತ ಆ ಬೇಲಿ ಮುರಿದ. 1985ರಲ್ಲಿ ಮೊದಲ ರೆಸಲ್‌ಮೇನಿಯಾ ಮಾಡಿದ. 1989ರಲ್ಲಿ ಇವನ ಕಂಪನಿಯೇ ನ್ಯೂಜೆರ್ಸಿ ಸರ್ಕಾರದ ಮುಂದೆ ಹೋಗಿ, ಇದು ಕ್ರೀಡೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ ಬಿಡಿ. ಕ್ರೀಡೆ ಅಂದರೆ ಕ್ರೀಡಾ ಆಯೋಗದ ನಿಗಾ, ತೆರಿಗೆ ಎಲ್ಲ ಬರುತ್ತೆ. ಮನರಂಜನೆ ಅಂದರೆ ಆ ಕಾಟ ಇಲ್ಲ.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ಸರಣಿ ಉದ್ದಕ್ಕೂ ಒಂದೇ ಪ್ರಶ್ನೆ ಕೇಳುತ್ತೆ: ನಿಜವಾದ ವಿನ್ಸ್ ಯಾರು, ರಿಂಗಿನಲ್ಲಿ ಕಾಣೋ ದುಷ್ಟ ಯಜಮಾನ 'ಮಿಸ್ಟರ್ ಮೆಕ್‌ಮಹನ್' ಯಾರು? ಕೇಳೋಕೆ ಚೆನ್ನಾಗಿದೆ. ಆದರೆ ಈ ಪ್ರಶ್ನೆಯಿಂದ ಲಾಭ ಯಾರಿಗೆ? ಆತನಿಗೇ ತಾನೆ! ಏನೇ ಕೇಳಿದರೂ "ಅದು ಪಾತ್ರ ಕಣ್ರೀ" ಅನ್ನೋಕೆ ಒಂದು ಬಾಗಿಲು ತೆರೆದೇ ಇರುತ್ತೆ.

ಆ ಪಾತ್ರ ಹುಟ್ಟಿದ್ದಾದರೂ ಹೇಗೆ? 1997ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್‌ಗೆ ಒಂದು ಮಾತು ಕೊಟ್ಟು, ರಿಂಗಿನಲ್ಲಿ ಇನ್ನೊಂದು ಮಾಡಿದ. ಹಾರ್ಟ್ ಸೋಲು ಒಪ್ಪದೇ ಇದ್ದರೂ ಗಂಟೆ ಹೊಡೆಸಿದ. ಜನ ರೊಚ್ಚಿಗೆದ್ದರು. ಆ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಖಳನಾಯಕನಾಗಿ ಟೀವಿಗೆ ಬಂದ. ಅಂದರೆ ನಿಜವಾಗಿ ಮಾಡಿದ ಮೋಸವೇ ಪಾತ್ರ ಆಯ್ತು, ಆಮೇಲೆ ಪಾತ್ರವೇ ಮೋಸಕ್ಕೆ ಸಮಜಾಯಿಷಿ ಆಯ್ತು.

ಇನ್ನು 1999ರ ಮೇ 23. ಬ್ರೆಟ್‌ನ ತಮ್ಮ ಓವನ್ ಹಾರ್ಟ್, ಕಾನ್ಸಾಸ್ ಸಿಟಿಯಲ್ಲಿ ಛಾವಣಿಯಿಂದ ಹಗ್ಗದಲ್ಲಿ ಇಳಿಯುವ ಸಾಹಸ ಮಾಡೋವಾಗ ಬಿದ್ದು ಸತ್ತ. ಪ್ರದರ್ಶನ ನಿಲ್ಲಲಿಲ್ಲ! ಅದೇ ರಿಂಗಿನಲ್ಲಿ ಮುಂದಿನ ಕುಸ್ತಿಗಳು ನಡೆದವು. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರಬಹುದು. ಮೂಳೆ ಮುರಿಯೋದು, ನೋವಿನ ಮಾತ್ರೆಗೆ ಅಡಿಕ್ಟ್ ಆಗೋದು, ಚಿಕ್ಕ ವಯಸ್ಸಲ್ಲೇ ಸಾಯೋದು ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಇಷ್ಟಾದರೂ ಆ ಪೈಲ್ವಾನರು ಕಂಪನಿಯ ಲೆಕ್ಕದಲ್ಲಿ ನೌಕರರಲ್ಲ, ಗುತ್ತಿಗೆದಾರರು. 1986ರಲ್ಲಿ ಜೆಸ್ಸಿ ವೆಂಚುರಾ ಸಂಘ ಕಟ್ಟೋಣ ಅಂತ ಹೊರಟಾಗ, ಆ ಸುದ್ದಿಯನ್ನು ಯಜಮಾನನಿಗೆ ಮುಟ್ಟಿಸಿದ್ದು ಹಲ್ಕ್ ಹೋಗನ್ ಅಂತ ಮುಂದೆ ಕೋರ್ಟಿನಲ್ಲಿ ಮೆಕ್‌ಮಹನ್ನೇ ಹೇಳಿದ. ಸಂಘ ಕಟ್ಟಲಾಗಲೇ ಇಲ್ಲ.

2022ರಲ್ಲಿ, ಹೆಂಗಸರ ಬಾಯಿ ಮುಚ್ಚಿಸೋಕೆ ವರ್ಷಗಟ್ಟಲೆ ಹಣ ಕೊಟ್ಟಿದ್ದು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಯಲಾಯ್ತು. ಆತ ಪಟ್ಟ ಬಿಟ್ಟ, 2023ರಲ್ಲಿ ಮತ್ತೆ ಬಂದ. 2024ರ ಜನವರಿಯಲ್ಲಿ ಮಾಜಿ ಉದ್ಯೋಗಿಯೊಬ್ಬರು ಲೈಂಗಿಕ ದೌರ್ಜನ್ಯದ ದಾವೆ ಹೂಡಿದ ಮೇಲೆ ಮತ್ತೆ ಹೊರಟ. ಆರೋಪಗಳನ್ನೆಲ್ಲ ಅಲ್ಲಗಳೆದಿದ್ದಾನೆ. ಸರಣಿಯಲ್ಲಿರೋ ಅವನ ಸಂದರ್ಶನಗಳೆಲ್ಲ ಈ ಆರೋಪಗಳಿಗೂ ಮುಂಚಿನವು. ಕೊನೆಯದೊಂದನ್ನು ಅವನೇ ರದ್ದು ಮಾಡಿದ. ಹೀಗಾಗಿ ಕೇಳಲೇಬೇಕಾದ ಪ್ರಶ್ನೆಯನ್ನು ಅವನೆದುರು ಕೂತು ಯಾರೂ ಕೇಳಿಲ್ಲ. ಇನ್ನೊಂದು ವಿಷ್ಯ. ಸರಣಿ ಬರೋಕೆ ಎಂಟು ತಿಂಗಳು ಮುಂಚೆ ಇದೇ ನೆಟ್‌ಫ್ಲಿಕ್ಸ್, ಇದೇ ಕಂಪನಿಯ 'ರಾ' ಕಾರ್ಯಕ್ರಮಕ್ಕೆ ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಮಿಕ್ಕಿ ಕೊಡೋ ಒಪ್ಪಂದ ಮಾಡಿಕೊಂಡಿತ್ತು. ಸರಣಿ ಕಂಪನಿಯನ್ನ ಬಿಟ್ಟು ಒಬ್ಬನ ಮನಸ್ಸನ್ನೇ ಯಾಕೆ ಕೆದಕುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದಾ ಅಂತ ನನ್ನ ಗುಮಾನಿ.

"ಅದು ಸುಳ್ಳು ಕುಸ್ತಿ, ಅಲ್ಲಿ ಇಂಥದ್ದೆಲ್ಲ ಮಾಮೂಲಿ, ನಮ್ಮದು ಮಣ್ಣಿನ ಕುಸ್ತಿ" ಅಂತ ಎದೆ ತಟ್ಟಿಕೊಳ್ಳೋರಿದ್ದಾರೆ. ನಮ್ಮ ದಾವಣಗೆರೆ ಸೀಮೆಗೆ ಆ ಹೆಮ್ಮೆ ಸ್ವಲ್ಪ ಜಾಸ್ತಿನೇ. ಗರಡಿ ಮನೆ, ಜಾತ್ರೆಯ ಬಯಲು ಕುಸ್ತಿ, ಬೆಳ್ಳಿ ಕಡಗ, ಡೊಳ್ಳಿನ ಸದ್ದು... ನನಗೂ ಅದೆಲ್ಲ ಇಷ್ಟವೇ. ಆದರೆ 2023 ಮರೆತುಬಿಟ್ರಾ? ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದು ಯಾವ ಸುಳ್ಳು ಕುಸ್ತಿಯಿಂದ ಬಂದು? ಒಲಿಂಪಿಕ್ಸ್ ಪದಕ ಗೆದ್ದ ಹುಡುಗಿ ಅಸಲಿ ಕುಸ್ತಿ ಒಕ್ಕೂಟದ ಅಧ್ಯಕ್ಷ ಬ್ರಿಜ್‌ಭೂಷಣ್ ಮೇಲೆ ಲೈಂಗಿಕ ಕಿರುಕುಳದ ದೂರು ಹೇಳಬೇಕಾಯ್ತು. ಅವರೂ ಅಲ್ಲಗಳೆದಿದ್ದಾರೆ. ಆ ಡಿಸೆಂಬರ್‌ನಲ್ಲಿ ಅವರ ಆಪ್ತರೇ ಅಧ್ಯಕ್ಷರಾದಾಗ ಸಾಕ್ಷಿ ಕುಸ್ತಿಯನ್ನೇ ಬಿಟ್ಟಳು.

ಹಾಗಾಗಿ ಅಸಲಿ-ನಕಲಿ ಅನ್ನೋದು ಇಲ್ಲಿ ವಿಷ್ಯವೇ ಅಲ್ಲ ಅನ್ಸುತ್ತೆ. ಯಾರು ಆಡಬೇಕು, ಯಾರು ಮನೆಗೆ ಹೋಗಬೇಕು ಅನ್ನೋ ಕೀಲಿಕೈ ಒಬ್ಬನ ಸೊಂಟದಲ್ಲೇ ಇದ್ದರೆ, ಅಖಾಡ ಕೆಮ್ಮಣ್ಣಿನದಾದರೇನು, ಕ್ಯಾನ್ವಾಸಿನದಾದರೇನು? ದೂರು ಹೇಳೋಕೆ ಅವನ ಬಾಗಿಲು ಬಿಟ್ಟು ಬೇರೆ ಬಾಗಿಲು ಇರಬೇಕು. ಅಷ್ಟೇ.

ಸರಣಿ ನೋಡಬೇಡಿ ಅಂತ ನಾನು ಹೇಳಲ್ಲ, ನೋಡಿ. ಹಳೇ ದೃಶ್ಯಗಳು ಸೊಗಸಾಗಿವೆ. ಆದರೆ "ಈ ಮನುಷ್ಯ ಎಂಥವನು?" ಅಂತ ಅದು ಕೇಳಿದಾಗಲೆಲ್ಲ, "ಇವನನ್ನು ತಡೆಯೋರು ಯಾಕಿರಲಿಲ್ಲ?" ಅಂತ ನೀವೊಂದು ಪ್ರಶ್ನೆ ಸೇರಿಸಿಕೊಳ್ಳಿ. ನೋಡಿದವರು ಹೇಳಿ, ನಿಮಗೇನನ್ನಿಸಿತು?