ಸಹಿ ಹಾಕುವ ಮುನ್ನ

ಉಳ್ಳಾಲದವರಿಗೆ ಗಲ್ಫ್ ದೂರದ ನಾಡಲ್ಲ. ಇಲ್ಲಿನ ಅನೇಕ ಮನೆಗಳ ಒಲೆ ಉರಿಯುವುದು, ಮಕ್ಕಳ ಶಾಲಾ ಶುಲ್ಕ ಸಂದಾಯವಾಗುವುದು ಸೌದಿ, ದುಬೈ, ಕತಾರ್‌ಗಳಲ್ಲಿ ಸುರಿಸಿದ ಬೆವರಿನಿಂದ. ಆದರೆ ಆ ಬೆವರಿಗೆ ಯಾವ ದೇಶದ ಕಾನೂನಿನ ರಕ್ಷಣೆಯಿದೆ ಎಂಬ ಪ್ರಶ್ನೆಯನ್ನು ವೀಸಾ ಕೈಸೇರಿದ ಸಂಭ್ರಮದಲ್ಲಿ ನಾವು ಕೇಳುವುದೇ ಇಲ್ಲ.

ಕಂಪೆನಿಯ ಮುಖ್ಯ ಕಚೇರಿ ಒಂದು ದೇಶದಲ್ಲಿ, ಕೆಲಸ ಇನ್ನೊಂದರಲ್ಲಿ, ಸಂದರ್ಶನ ಮುಂಬೈಯಲ್ಲಿ. ವಿವಾದ ಹುಟ್ಟಿದರೆ ಸಾಮಾನ್ಯವಾಗಿ ಅನ್ವಯಿಸುವುದು ದುಡಿದ ನೆಲದ ಕಾನೂನು. ಮಂಗಳೂರಿನ ಕಾರ್ಮಿಕ ಅಧಿಕಾರಿ ಅಲ್ಲಿನ ಮಾಲಕನನ್ನು ಕರೆಸಲಾರರು. ಇಲ್ಲಿ ತೋರಿಸಿದ ಕರಾರು ಒಂದು, ಅಲ್ಲಿ ಇಳಿದ ಮೇಲೆ ಅರಬಿಯಲ್ಲಿ ಸಹಿ ಹಾಕಿಸುವ ಕರಾರು ಇನ್ನೊಂದು. ಮೋಸ ಅಡಗಿರುವುದು ಇವೆರಡರ ನಡುವೆ.

ಅಲ್ಲಿನ ಕಾನೂನುಗಳು ಸುಧಾರಿಸಿವೆ. ಉದ್ಯೋಗ ಬದಲಿಸಲು ಮಾಲಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮವನ್ನು ಕತಾರ್ 2020ರಲ್ಲಿ ಕೈಬಿಟ್ಟಿತು. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲಕ ಕಿತ್ತಿಟ್ಟುಕೊಳ್ಳುವುದನ್ನು ಯುಎಇಯ 2021ರ ಕಾರ್ಮಿಕ ಕಾನೂನು ನಿಷೇಧಿಸಿತು. ಆದರೆ ಅರಿವಿಗೆ ಬಾರದ ಹಕ್ಕು ಇದ್ದೂ ಇಲ್ಲದಂತೆ.

ನಮ್ಮಲ್ಲಿಯೂ 1983ರ ವಲಸೆ ಕಾಯ್ದೆಯಿದೆ. ಅದರನ್ವಯ ನೋಂದಣಿಯಿಲ್ಲದ ಏಜೆಂಟ್ ಯಾರನ್ನೂ ಕೆಲಸಕ್ಕೆ ಕಳುಹಿಸುವಂತಿಲ್ಲ. ನೋಂದಾಯಿತ ಏಜೆಂಟನೂ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲ. ಹತ್ತನೇ ತರಗತಿ ಉತ್ತೀರ್ಣರಾಗದವರು ಗಲ್ಫ್‌ಗೆ ದುಡಿಯಲು ಹೋಗುವಾಗ ಸಾಮಾನ್ಯವಾಗಿ ವಲಸೆ ಅನುಮತಿ ಪಡೆಯಲೇಬೇಕು. ವಿಸಿಟ್ ವೀಸಾದಲ್ಲಿ ಹಾರಿದವನು ಎರಡೂ ದೇಶಗಳ ಕಾನೂನಿನ ಆಸರೆಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾನೆ.

ಮದುವೆಗೂ ಮನೆ ಕಟ್ಟಲಿಕ್ಕೂ ನೆರವಾಗುವ ನಮ್ಮ ಜಮಾಅತ್‌ಗಳು, ಅರಬಿ ಬಲ್ಲ ಉಸ್ತಾದರನ್ನೂ ಕಾನೂನು ಬಲ್ಲ ವಕೀಲರನ್ನೂ ವಾರಕ್ಕೊಮ್ಮೆ ಕೂರಿಸಿ, ಹೊರಡುವ ಯುವಕರಿಗೆ ಕರಾರನ್ನು ಓದಿ ಹೇಳಲಾರವೇ? ಮರಳಿ ಬಂದವನ ಕಣ್ಣೀರು ಒರೆಸುವುದಕ್ಕಿಂತ ಇದು ಸುಲಭವಲ್ಲವೇ?